ಮರುವಾಯಿ ಯಾವ ಅಳಿವೆಯದು?: ಕಲಬುರಗಿಯ ಒಂದು ಕಡಲ ಮೀನಂಗಡಿ

ಕಲಬುರಗಿಯಲ್ಲಿ ನಮ್ಮ ಬಡಾವಣೆಯ ಹತ್ತಿರ ತೆರೆದಿರುವ ಕಡಲ ಮೀನಿನ ಅಂಗಡಿಗೆ ಎರಡು ತಿಂಗಳಲ್ಲಿ ಐದು ಸಲ ಹೋಗಿ ಬಂದಿದ್ದೇನೆ. ಕೆರೆಯ ರೋಹು, ಕಾಟ್ಲಾಗಳನ್ನೇ ತಿಂದು ಬೆಳೆದ ನಮಗೆ ಬಂಗುಡೆ, ನಂಗು, ಕಾಣೆ ಮೀನುಗಳೂ ಮರುವಾಯಿ ಎಂಬ ಚಿಪ್ಪುಜೀವಿಯೂ ಒಂದೇ ಕಡೆ ಸಿಗುವುದು ಸಣ್ಣ ಸಂಗತಿಯಲ್ಲ. ಅಂಗಡಿ ಸ್ವಚ್ಛವಾಗಿದೆ, ತೂಕ ಸರಿಯಾಗಿದೆ, ಐದು ಸಲವೂ ಬಂಗುಡೆ ತಾಜಾ ಇತ್ತು.

ನನ್ನ ತಕರಾರು ಮರುವಾಯಿಯದು. ಯಾವ ಅಳಿವೆಯದು, ಅಂದರೆ ಯಾವ ನದಿ ಕಡಲು ಸೇರುವ ಜಾಗದ್ದು ಎಂದು ಕೇಳಿದರೆ ಮಾಲೀಕರು “ಮಂಗಳೂರು ಕಡಿ ಮಾಲ್ ಅದ ನೋಡ್ರಿ” ಎಂದು ಮುಗಿಸಿಬಿಡುತ್ತಾರೆ. ಬಂಗುಡೆಗೆ ಅಷ್ಟು ಉತ್ತರ ಸಾಕು. ನೀರು ಕೆಟ್ಟರೆ ಅದು ಬೇರೆಡೆಗೆ ಈಜಿ ಹೋಗಬಲ್ಲದು. ಕೆಸರಿನಲ್ಲಿ ಹುದುಗಿ, ನೀರು ಹೀರಿ ಸೋಸಿ, ಅದರಲ್ಲಿದ್ದುದನ್ನೇ ಉಂಡು ಬದುಕುವ ಮರುವಾಯಿಗೆ ಆ ದಾರಿಯಿಲ್ಲ. ಕರಾವಳಿಯ ಪಟ್ಟಣ ಬೆಳೆದಂತೆ ಚರಂಡಿಯ ಕೊಳೆ ಅಳಿವೆಯ ತಳಕ್ಕಿಳಿದು, ಅದನ್ನು ಕರಗಿಸುವ ಸೂಕ್ಷ್ಮಾಣುಗಳು ಆಮ್ಲಜನಕವನ್ನೆಲ್ಲ ಬಳಸಿಬಿಡುವುದರಿಂದ, ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹಿಡಿಯುತ್ತದೆ. ದೊಡ್ಡ ಚಿಪ್ಪಿನ ಜೀವಿಗಳೂ ಆಳಕ್ಕೆ ಬಿಲ ತೋಡುವ ಹುಳುಗಳೂ ಸತ್ತು, ಕ್ಯಾಪಿಟೆಲ್ಲಾದಂಥ ಪುಟ್ಟ ಹುಳುಗಳು ಮಾತ್ರ ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಎಂಬ ವಿಜ್ಞಾನಿಗಳು 1978ರಲ್ಲೇ ಈ ಕ್ರಮವನ್ನು ವಿವರಿಸಿದ್ದರು. ಬಂದರಿಗೆಂದು ಹೂಳೆತ್ತಿದಾಗ ತಳದ ಪದರವೇ ಹೋಗುತ್ತದೆ, ಎದ್ದ ರಾಡಿ ಅಕ್ಕಪಕ್ಕದ ಚಿಪ್ಪುಗಳ ಕಿವಿರಿಗೆ ತುಂಬುತ್ತದೆ. ಕಡಲ್ಕೊರೆತ ತಡೆಯಲು ಬಂಡೆ ಸುರಿದಲ್ಲಿ ಮರಳಿನ ಜೀವಿಗಳು ಜಾಗ ಕಳೆದುಕೊಂಡು, ಕಲ್ಲಿಗೆ ಅಂಟುವ ಪಚ್ಚಿಲೆ ಎಂಬ ಚಿಪ್ಪುಜೀವಿಗಳು ಬಂದು ಸೇರುತ್ತವೆ. ತಳದ ಹುಳುಗಳನ್ನು ತಿಂದು ಬದುಕುವ ನಂಗು, ಕಾಣೆಗಳಿಗೂ ಇದರ ಪೆಟ್ಟು ಬೀಳುತ್ತದೆ. ಕಡಲಿನ ಗೊಡವೆ ನಮಗೇಕೆ ಎನ್ನುವವರು ಅಂಗಳದ ಶಹಾಬಾದ ಫರಸಿಕಲ್ಲನ್ನೊಮ್ಮೆ ನೋಡಬೇಕು; ಅದೂ ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಕೆಸರೇ.

ಉಪ್ಪುನೀರಿನಲ್ಲಿ ಇಟ್ಟರೆ ಎಲ್ಲವೂ ಹೋಗುತ್ತದೆ ಎಂಬ ಅಂಗಡಿಯವರ ಸಲಹೆ ಅರ್ಧ ನಿಜ. ಜೀವವಿರುವ ಮರುವಾಯಿ ಮರಳನ್ನು ಬಿಡುತ್ತದೆ. ಮಾಂಸದಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳು ಸೇರಿಕೊಂಡಿದ್ದರೆ ಅವು ಅಷ್ಟರಿಂದ ಹೋಗುವುದಿಲ್ಲ. ಮೂರನೆಯ ಸಲ ತಂದವುಗಳಲ್ಲಿ ಅರ್ಧದಷ್ಟು ಬಾಯಿ ತೆರೆದುಕೊಂಡಿದ್ದು, ತಟ್ಟಿದರೂ ಮುಚ್ಚಲಿಲ್ಲವಾದ್ದರಿಂದ ಎಸೆಯಬೇಕಾಯಿತು.

ನಾಲ್ಕನೆಯ ಸಲದ ಮಾತೇ ಬೇರೆ. ಅಂದಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕುಮಟಾದಿಂದ ಬಂದ ಅಘನಾಶಿನಿಯ ಬಳಚು ಎಂದು ಬರೆದ ಚೀಟಿಯಿತ್ತು; ಮರುವಾಯಿಗೆ ಆ ಕಡೆಯ ಹೆಸರು ಬಳಚು. ಅಣೆಕಟ್ಟಿಲ್ಲದೆ ಕಡಲು ಸೇರುವ ಆ ನದಿಯ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಚಿಪ್ಪುಗಳು ಬಿಗಿಯಾಗಿ ಮುಚ್ಚಿದ್ದವು. ಖಡಕ್ ಜೋಳದ ರೊಟ್ಟಿಯ ಜೊತೆ ಬಳಚಿನ ಸುಕ್ಕಾ ಇಷ್ಟು ಹೊಂದುತ್ತದೆಂದು ಅಂದೇ ತಿಳಿದದ್ದು. ಗಿರಾಕಿಗಳಿಗೆ ಕಾಣುವಂತೆ ಆ ಚೀಟಿಯನ್ನು ತಟ್ಟೆಯ ಮುಂದೆ ಅಂಟಿಸಿರೆಂದು ಕೇಳಿಕೊಂಡೆ. ಮಾಲೀಕರು ನಕ್ಕು ಅದನ್ನು ಜೇಬಿಗಿಟ್ಟುಕೊಂಡರು.