ಕ್ವಾರ್ಟೆಟ್ ನೋಟ್ಸ್ ಆನ್‌ಲೈನಲ್ಲಿ ತರಿಸೋ ಮುಂಚೆ ಇದನ್ನ ಓದಿಬಿಡಿ

ನಾನು ವಿಯೋಲಾ (ವಯಲಿನ್ನಿಗಿಂತ ಒಂಚೂರು ದೊಡ್ಡದು, ದನಿ ತಗ್ಗು) ನುಡಿಸುತ್ತೇನೆ. ಹೊಟ್ಟೆಪಾಡಿಗಲ್ಲ, ಭಾನುವಾರದ ಚಟ ಅಷ್ಟೆ. ಜಯನಗರದ ಒಂದು ಮನೆಯ ಮಹಡಿ ಮೇಲೆ ನಾವು ನಾಲ್ಕು ಜನ ಸೇರುತ್ತೇವೆ. ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೊ, ಹತ್ತೂವರೆಗೆ ಕೆಳಗಿನಿಂದ ಕಾಫಿ. ಈ ವರ್ಷ ಆಸ್ಟ್ರಿಯಾದ ಸಂಗೀತಗಾರ ಹೈಡನ್‌ನ ‘ಎಂಪರರ್’ ಕ್ವಾರ್ಟೆಟ್ (ನಾಲ್ಕು ವಾದ್ಯಕ್ಕೆ ಬರೆದ ಕೃತಿ) ಕಲಿಯೋಣ ಅಂತ ಮಾತಾಯಿತು, ನೋಟ್ಸ್, ಅಂದರೆ ಸ್ವರ ಬರೆದ ಪುಸ್ತಕ, ತರಿಸುವ ಕೆಲಸ ನನ್ನ ತಲೆಗೆ ಬಿತ್ತು. ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ ಹೋಯಿತು, ಎರಡು ತಿಂಗಳು ಹಾಳಾಯಿತು. ನಿಮ್ಮದೂ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಏಟು ತಿಂದದ್ದು ನನ್ನದೇ ಪೆದ್ದುತನದಿಂದ. ‘ಎರಡು ವಯಲಿನ್, ವಿಯೋಲಾ, ಚೆಲ್ಲೊಗೆ ಕಂಪ್ಲೀಟ್ ಸ್ಕೋರ್’ ಅಂತಿತ್ತು, 380 ರೂಪಾಯಿ. ಕಂಪ್ಲೀಟ್ ಅಂದಮೇಲೆ ಎಲ್ಲಾ ಇರುತ್ತೆ ಬಿಡು ಅಂದುಕೊಂಡೆ. ಬಂದದ್ದು ಅಂಗೈಗಿಂತ ಒಂಚೂರು ದೊಡ್ಡ ಪುಸ್ತಕ. ಸ್ಕೋರ್ ಅಂದರೆ ನಾಲ್ಕೂ ವಾದ್ಯಗಳ ಸಾಲು ಒಂದರ ಕೆಳಗೊಂದು ಅದೇ ಪುಟದಲ್ಲಿರುತ್ತೆ. ರೆಕಾರ್ಡಿಂಗ್ ಕೇಳುತ್ತಾ ನೋಡೋದಕ್ಕೆ ಬಹಳ ಚೆನ್ನ. ಸ್ಟ್ಯಾಂಡಿನ ಮೇಲಿಟ್ಟು ನುಡಿಸೋದಕ್ಕೆ ಆಗೋದಿಲ್ಲ. ನಾಲ್ಕು ಸಾಲು ಮುಗಿಯೋಷ್ಟರಲ್ಲಿ ಪುಟ ತಿರುಗಿಸಬೇಕು, ಕೈ ಎರಡೂ ವಾದ್ಯದ ಮೇಲೆ! ನುಡಿಸುವವರು ಕೇಳಬೇಕಾದ್ದು ‘ಪಾರ್ಟ್ಸ್’, ಅಂದರೆ ಒಬ್ಬೊಬ್ಬರಿಗೆ ಒಂದೊಂದು ಬಿಡಿ ಪುಸ್ತಕ. ಆ ಪುಟಾಣಿ ಸ್ಕೋರ್ ಕಪಾಟು ಸೇರಿತು.

ಎರಡನೇ ಸಲ ಹುಷಾರಾಗಿ ‘ಸೆಟ್ ಆಫ್ ಪಾರ್ಟ್ಸ್’ ಅಂತಲೇ ಹುಡುಕಿದೆ. ಒಬ್ಬ ಮಾರಾಟಗಾರ ಸಿಕ್ಕ. ಹೆಸರು ಹೇಳಿ ಪ್ರಯೋಜನ ಇಲ್ಲ, ಇಂಥವರು ನಾಳೆ ಇನ್ನೊಂದು ಹೆಸರಿನಲ್ಲಿ ಬರುತ್ತಾರೆ. ನಾಲ್ಕೂ ಪಾರ್ಟ್ ಸೇರಿ 1,450 ರೂಪಾಯಿ. ಜರ್ಮನಿಯಿಂದ ಅಲ್ಲಿನ ಪ್ರಕಾಶಕರಾದ ಹೆನ್ಲೆ ಅಥವಾ ಬೇರೆನ್‌ರೈಟರ್ ಎಡಿಷನ್ ತರಿಸಿದರೆ ಸಾಗಣೆ ಖರ್ಚು ಸೇರಿ ಇದರ ಎಷ್ಟೋ ಪಟ್ಟು ಆಗುತ್ತೆ, ಹಾಗಾಗಿ ಆಸೆ ಬಿತ್ತು. ಫೋಟೋದಲ್ಲಿ ಒಂದೇ ಒಂದು ಪುಟ ಇತ್ತು. ಫಸ್ಟ್ ವಯಲಿನ್ನಿನ ಮೊದಲ ಪುಟ, ಕನ್ನಡಿ ಹಾಗೆ ಸ್ಪಷ್ಟವಾಗಿ. ಮೂರು ವಾರದ ಮೇಲೆ ಪಾರ್ಸೆಲ್ ಬಂತು. ನುಣುಪಾದ ಹೊದಿಕೆ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ನಾನು ಖುಷಿಯಾಗಿ ಹಂಚಿಬಿಟ್ಟೆ. ಪುಟ ಎಣಿಸಲಿಲ್ಲ. ಇಡೀ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ.

ಮೊದಲ ಮೂರು ಭಾನುವಾರ ಕೃತಿಯ ಮೊದಲ ಭಾಗದಲ್ಲಿ, ಅಂದರೆ ಮೊದಲ ಮೂವ್‌ಮೆಂಟಿನಲ್ಲೇ ಕಳೆಯಿತು. ಸಣ್ಣಪುಟ್ಟ ತೊಂದರೆ ಆಗಲೇ ಕಾಣಿಸಿತ್ತು. ಅದು ಯಾವುದೋ ಹಳೆ ಪುಸ್ತಕದ ಸ್ಕ್ಯಾನ್, ಪ್ರಿಂಟ್ ಹಾಕಿ ಹೊದಿಕೆ ಹಾಕಿದ್ದಾರೆ ಅಷ್ಟೆ. ಎಡಗಡೆ ಅಂಚು ಕತ್ತರಿಸಿ ಕೆಲವು ಸಾಲಿನಲ್ಲಿ ಕ್ಲೆಫ್ (ಸಾಲಿನ ಶುರುವಿನ ಗುರುತು) ಅರ್ಧ ಮಾಯ. ಕಾಗದದ ಮೇಲಿದ್ದ ಕೊಳೆಯೆಲ್ಲ ಕಪ್ಪು ಚುಕ್ಕೆಯಾಗಿ ಬಂದಿದೆ. ನಮ್ಮ ಸೆಕೆಂಡ್ ವಯಲಿನ್ ಮೇಡಂ ಒಂದು ಜಾಗದಲ್ಲಿ ಪ್ರತಿ ಸಲ ಸ್ಟಕಾಟೊ (ಚುಕ್ಕೆ ಇರುವ ಸ್ವರವನ್ನು ಕತ್ತರಿಸಿ ನುಡಿಸೋದು) ಹೊಡೆಯುತ್ತಿದ್ದರು. ಬೇರೆ ಯಾರಿಗೂ ಇಲ್ಲದ್ದು ಇವರಿಗೆ ಯಾಕೆ ಅಂತ ಬಗ್ಗಿ ನೋಡಿದರೆ ಅದು ಚುಕ್ಕೆ ಅಲ್ಲ, ಕೊಳೆ. ನನ್ನ ಪಾರ್ಟಿನಲ್ಲಂತೂ ಯಾವ ಕಾಲದವರೋ ಪೆನ್ಸಿಲಿನಲ್ಲಿ ಬರೆದ ಬೆರಳಿನ ನಂಬರ್, ಒಂದು ಸ್ವರಕ್ಕೆ ಸುತ್ತಿದ ವೃತ್ತ ಕೂಡ ಅಚ್ಚಾಗಿತ್ತು. ಬಾರ್ (ತಾಳದ ಲೆಕ್ಕಕ್ಕೆ ಗೆರೆ ಹಾಕಿದ ಒಂದೊಂದು ತುಂಡು) ನಂಬರ್ ಇಲ್ಲವೇ ಇಲ್ಲ. ‘ಅಲ್ಲಿಂದ ತಗೊಳ್ಳಿ, ಆ ಉದ್ದ ಸ್ವರ ಇದೆಯಲ್ಲ, ಅದರ ಹಿಂದಿನದು’ ಅಂತ ಹೇಳಿ ಹೇಳಿ ಸಾಕಾಗಿ ಪೆನ್ಸಿಲ್ ಹಿಡಿದು ನಾವೇ ಹತ್ತಕ್ಕೊಂದು ನಂಬರ್ ಹಾಕಿಕೊಂಡೆವು.

ನಾಲ್ಕನೇ ಭಾನುವಾರ ಎರಡನೇ ಮೂವ್‌ಮೆಂಟ್ ತೆಗೆದೆವು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 1797ರಲ್ಲಿ ಹೈಡನ್ ಆಸ್ಟ್ರಿಯಾ ಆಳುತ್ತಿದ್ದ ಚಕ್ರವರ್ತಿ ಫ್ರಾನ್ಸಿಸ್‌ನ ಹುಟ್ಟುಹಬ್ಬಕ್ಕೆ ಒಂದು ಹಾಡಿನ ಮಟ್ಟು ಕಟ್ಟಿಕೊಟ್ಟ. ಇವತ್ತಿನ ಜರ್ಮನಿಯ ರಾಷ್ಟ್ರಗೀತೆಯ ಮಟ್ಟು ಅದೇ. ಅದನ್ನೇ ಈ ಕ್ವಾರ್ಟೆಟ್ಟಿನ ನಿಧಾನದ ಮೂವ್‌ಮೆಂಟಿನಲ್ಲಿ ಇಟ್ಟಿದ್ದಾನೆ. ಮಟ್ಟನ್ನು ಎಲ್ಲೂ ಬದಲಿಸೋದಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾ ಹೋಗುತ್ತಾನೆ. ಮೊದಲು ಫಸ್ಟ್ ವಯಲಿನ್. ಆಮೇಲೆ ಸೆಕೆಂಡ್ ವಯಲಿನ್, ಆಗ ನಾನೂ ಚೆಲ್ಲೊದವನೂ ಸುಮ್ನೆ ಕೂತಿರುತ್ತೇವೆ. ಆಮೇಲೆ ಚೆಲ್ಲೊ. ಮೊದಲ ಸುತ್ತು ಬಿಟ್ಟು ಆಮೇಲಿನ ಒಂದೊಂದು ಸುತ್ತಿಗೂ ವೇರಿಯೇಷನ್ ಅಂತಾರೆ. ಮೂರನೇ ವೇರಿಯೇಷನ್‌ನಲ್ಲಿ ವಿಯೋಲಾ. 20 ಬಾರ್, ಪೂರ್ತಿ ಹಾಡು ನನ್ನದು. ಸದಾ ಮಧ್ಯದಲ್ಲಿ ಕೂತು ತುಂಬಿಕೊಡುವ ಕೆಲಸ ಮಾಡುವ ವಿಯೋಲಾದವರಿಗೆ ಇಂಥ ಜಾಗ ಸಿಕ್ಕರೆ ಹಬ್ಬ. ಸ್ನಾನ ಮಾಡುವಾಗಲೂ ಅದೇ ಗುನುಗುತ್ತಿದ್ದೆ.

ಚೆಲ್ಲೊದವನ ಸರದಿ ಮುಗಿಯಿತು, ಚೆನ್ನಾಗಿಯೇ ನುಡಿಸಿದ. ನಾನು ಉಸಿರು ಎಳೆದುಕೊಂಡು ಪುಟ ತಿರುಗಿಸಿದೆ. ಅಲ್ಲಿ ಮತ್ತೆ ಈಗಷ್ಟೇ ನುಡಿಸಿದ್ದೇ ಇದೆ. ಐದನೇ ಪುಟ ಎರಡು ಸಲ. ಇನ್ನೊಂದು ಹಾಳೆ ತಿರುಗಿಸಿದರೆ ಏಳನೇ ಪುಟ, ಮುಂದಿನ ಭಾಗವಾದ ಮಿನುಯೆಟ್ ಶುರುವಾಗಿದೆ. ಉಳಿದವರು ತಮ್ಮ ಪಾಡಿಗೆ ನುಡಿಸುತ್ತಿದ್ದಾರೆ, ನಡುವೆ ಹಾಡೇ ಇಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಬಂದು ಗಂಡೇ ಬರದ ಹಾಗೆ.

“ಯಾಕಣ್ಣಾ ನಿಲ್ಲಿಸ್ಬಿಟ್ರಿ?” ಅಂದ ಚೆಲ್ಲೊ ಹುಡುಗ.

“ನನ್ನ ಪುಟಾನೇ ಇಲ್ಲ ಕಣೋ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದಮೇಲೆ ನಗು ಇಳಿಯಿತು.

ಮಾರಾಟಗಾರನಿಗೆ ಬರೆದೆ, ಫೋಟೋ ಹಾಕಿದೆ. ಉತ್ತರ ಎರಡು ದಿನಕ್ಕೆ ಬಂತು. ಇದು ಹಳೆಯ ಪುಸ್ತಕದ ಮರುಮುದ್ರಣ, ಪುಟ ಬಿಟ್ಟುಹೋಗಿರುವುದು, ಮಸುಕಾಗಿರುವುದು ಸಹಜ, ವಿವರಣೆಯಲ್ಲೇ ಹೇಳಿದ್ದೇವೆ ಅಂತ. ಹೋಗಿ ನೋಡಿದೆ. ಹೌದು, ಹೇಳಿದ್ದಾರೆ. ‘ಇನ್ನೂ ಓದಿ’ ಒತ್ತಿ, ಪೂರ್ತಿ ಕೆಳಗೆ ಇಳಿದರೆ ಕೊನೇ ಸಾಲು. ವಾಪಸ್ ಕೊಡೋಣ ಅಂದರೆ 7 ದಿನದ ಗಡುವು ಯಾವಾಗಲೋ ಮುಗಿದಿತ್ತು. ನಾವು ವಾರಕ್ಕೊಮ್ಮೆ ಸೇರುವವರು, ಎರಡನೇ ಮೂವ್‌ಮೆಂಟಿಗೆ ಬರೋಷ್ಟರಲ್ಲಿ ತಿಂಗಳು. ಈ ದಂಧೆ ನಡೆಯುತ್ತಿರೋದೇ ಇದರ ಮೇಲೆ ಅನ್ನಿಸುತ್ತೆ ನನಗೆ. ಮೊದಲ ಪುಟ ಎಲ್ಲರೂ ನೋಡುತ್ತಾರೆ, ವಿಯೋಲಾದ ಆರನೇ ಪುಟ ಯಾರು ನೋಡುತ್ತಾರೆ?

ಹೊಟ್ಟೆ ಉರಿದದ್ದು ಆಮೇಲೆ. ಐಎಂಎಸ್‌ಎಲ್‌ಪಿ ಅಂತ ಒಂದು ತಾಣ ಇದೆ, 2006ರಿಂದ. ಕಾಪಿರೈಟ್ ಮುಗಿದ ಸಂಗೀತದ ಸ್ಕ್ಯಾನ್‌ಗಳು ಅಲ್ಲಿ ಪುಕ್ಕಟೆ. ಹೆಸರು ಕೇಳಿದ್ದೆ, ನೋಡಿರಲಿಲ್ಲ. ಅಲ್ಲಿ ಇದೇ ಕ್ವಾರ್ಟೆಟ್ಟಿನ ಹಳೇ ಪಾರ್ಟ್ಸ್ ತೆರೆದೆ. ಒಂದರಲ್ಲಿ ಅದೇ ಪೆನ್ಸಿಲ್ ವೃತ್ತ! ಅದೇ ಸ್ವರದ ಸುತ್ತ, ಅದೇ ಸೊಟ್ಟ ವೃತ್ತ. ಆರನೇ ಪುಟವೂ ಇತ್ತು. ಅಂದರೆ ಪುಕ್ಕಟೆ ಸಿಗೋದನ್ನು 1,450 ರೂಪಾಯಿಗೆ ಮಾರಿದ್ದಲ್ಲದೆ, ನೆಟ್ಟಗೆ ಪ್ರಿಂಟ್ ಕೂಡ ಹಾಕಿಲ್ಲ. ಹೈಡನ್ ತೀರಿಕೊಂಡದ್ದು 1809ರಲ್ಲಿ, ಆ ಹಳೇ ಮುದ್ರಣವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅದರಲ್ಲಿ ಕಳ್ಳತನ ಇಲ್ಲ. ಆದರೆ ಅದೇ ಅಂಗಡಿಯಲ್ಲಿ ರಷ್ಯಾದ ಸಂಗೀತಗಾರ ಶೋಸ್ಟಕೋವಿಚ್‌ನ ಎಂಟನೇ ಕ್ವಾರ್ಟೆಟ್ಟೂ ಇದೇ ಹೊದಿಕೆಯಲ್ಲಿ ಮಾರಾಟಕ್ಕಿತ್ತು. ಆತ ಸತ್ತದ್ದು 1975ರಲ್ಲಿ. ನಮ್ಮ ಕಾಯಿದೆಯಲ್ಲಿ ಸತ್ತಮೇಲೆ 60 ವರ್ಷ ಕಾಪಿರೈಟ್, ಅಂದರೆ 2035ರ ಕೊನೇವರೆಗೆ. ಅದನ್ನು ಮೊದಲೇ ಗಮನಿಸಿದ್ದರೆ ಇವರ ಹಣೆಬರಹ ಅಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಸುಳಿವೂ ಇತ್ತು. ಪಕ್ಕದಲ್ಲೇ ‘ಹೈಡನ್‌ನ 83 ಕ್ವಾರ್ಟೆಟ್’ ಅಂತ ಹಾಕಿದ್ದರು. 83 ಬಹಳ ಹಳೇ ಲೆಕ್ಕ. ಈಗ ಹೈಡನ್‌ನದು ಅಂತ ಒಪ್ಪೋದು 68. ಮದುವೆ ಆರತಕ್ಷತೆಗಳಲ್ಲಿ ಕೇಳೋ ಆ ‘ಸೆರೆನೇಡ್’ ಇರುವ ಓಪಸ್ 3 (ಮೂರನೇ ನಂಬರಿನ ಕಟ್ಟು) ಕೂಡ ರೋಮನ್ ಹಾಫ್‌ಸ್ಟೆಟರ್ ಅನ್ನುವ ಪಾದ್ರಿಯದ್ದು ಅಂತಾರೆ. 83 ಅಂತ ಕಂಡರೆ ಒಳಗಿರೋದು ಅಜ್ಜನ ಕಾಲದ ಸ್ಕ್ಯಾನ್ ಅಂದುಕೊಳ್ಳಿ.

ಪುಕ್ಕಟೆ ಸಿಗುತ್ತೆ ಅಂತ ಸೀದಾ ಜೆರಾಕ್ಸ್ ಅಂಗಡಿಗೆ ಓಡಬೇಡಿ ಮತ್ತೆ. ಹೆನ್ಲೆ ಪುಸ್ತಕದ ಪುಟ 23.5 ಸೆಂ.ಮೀ. ಅಗಲ, 31 ಸೆಂ.ಮೀ. ಎತ್ತರ. ಆ ಥರದ ದೊಡ್ಡ ಪುಟವನ್ನು ಎ4ಗೆ ಕುಗ್ಗಿಸಿದರೆ ಐವತ್ತು ದಾಟಿದ ಕಣ್ಣಿಗೆ ಇರುವೆ ಸಾಲು. ಎ3ಯಲ್ಲಿ ಒಂದೊಂದೇ ಪುಟ ಹಾಕಿಸಿ, ಒಂದೇ ಬದಿಗೆ. ಒಳ್ಳೆ ಎಡಿಷನ್‌ನವರು ಪುಟದ ಕೊನೆಯಲ್ಲಿ ಎರಡು ಮೂರು ಬಾರ್ ಬಿಡುವು ಬರುವ ಹಾಗೆ ಜೋಡಿಸಿರುತ್ತಾರೆ, ದುಡ್ಡು ಜಾಸ್ತಿ ಕೇಳೋದು ಅದಕ್ಕೇ ಅಂತ ಈಗ ಅರ್ಥವಾಗಿದೆ. ಇಬ್ಬರು ಒಂದು ಎಡಿಷನ್, ಇಬ್ಬರು ಇನ್ನೊಂದು ಇಟ್ಟುಕೊಳ್ಳೋದು ಮಾತ್ರ ಬೇಡವೇ ಬೇಡ. ಎಲ್ಲಿಂದ ಶುರು ಮಾಡೋದು ಅಂತ ಹೇಳೋಕೆ ಹಾಕಿದ ‘ಸಿ’ ಅಕ್ಷರ ಒಬ್ಬರಿಗೆ ಇರುವಲ್ಲಿ ಇನ್ನೊಬ್ಬರಿಗೆ ಏನೂ ಇರೋಲ್ಲ, ಬೋ (ಕಮಾನು) ಎಳೆಯೋ ಗುರುತುಗಳೂ ಬೇರೆ, ಜಗಳ ಗ್ಯಾರಂಟಿ.

ಹಾಂ, ಹಾಡುಗಳ ‘ಕ್ವಾರ್ಟೆಟ್ ಅರೇಂಜ್‌ಮೆಂಟ್’ ಪಿಡಿಎಫ್ ಕೊಳ್ಳುವವರೂ ನೋಡಿಕೊಳ್ಳಿ. ತಂಗಿ ಮಗಳ ಆರತಕ್ಷತೆಗೆ ಒಂದು ತಗೊಂಡಿದ್ದೆ. ಸೆಕೆಂಡ್ ವಯಲಿನ್ನಿಗೆ ಜಿ ತಂತಿಗಿಂತ (ವಯಲಿನ್ನಿನಲ್ಲಿ ಎಲ್ಲಕ್ಕೂ ತಗ್ಗಿನ ತಂತಿ ಅದೇ) ಕೆಳಗಿನ ಎಫ್ ಬರೆದಿದ್ದರು! ವಯಲಿನ್ನಿನಲ್ಲಿ ಆ ಸ್ವರವೇ ಇಲ್ಲ. ಕಂಪ್ಯೂಟರಿನಲ್ಲಿ ಪ್ಲೇ ಮಾಡಿದರೆ ಇಂಪಾಗಿಯೇ ಕೇಳುತ್ತೆ, ಸ್ಯಾಂಪಲ್ ಅಂತ ಹಾಕಿರೋದೂ ಅದನ್ನೇ. ಮನುಷ್ಯರು ನುಡಿಸಿದ ಸ್ಯಾಂಪಲ್ ಇಲ್ಲದಿದ್ದರೆ ಕೈ ಹಾಕಬೇಡಿ.

ಕೊಳ್ಳುವ ಮುಂಚೆ ನಾನು ಈಗ ಎರಡೇ ಕೇಳುತ್ತೇನೆ. ಪ್ರಕಾಶಕರ ಹೆಸರು ಯಾವುದು? ವಿಯೋಲಾ ಪಾರ್ಟಿನ ಮಧ್ಯದ ಒಂದು ಪುಟದ ಫೋಟೋ ಕಳಿಸ್ತೀರಾ? ಸರಿಯಾದವರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ಬಂದ ದಿನವೇ ನಾಲ್ಕೂ ಪಾರ್ಟಿನ ಪುಟ ಎಣಿಸಿ, ಕಾಫಿ ಆಮೇಲೆ ಕುಡಿಯಿರಿ.

ಆ ಆರನೇ ಪುಟವನ್ನು ನಾನು ಪ್ರಿಂಟ್ ಹಾಕಿಸಲಿಲ್ಲ. ಹಠ ಬಂದಿತ್ತು. ಕಪಾಟಿನಲ್ಲಿದ್ದ 380 ರೂಪಾಯಿಯ ಪುಟಾಣಿ ಸ್ಕೋರ್ ತೆಗೆದು, ಭೂತಗನ್ನಡಿ ಇಟ್ಟುಕೊಂಡು, ಎರಡು ರಾತ್ರಿ ಕೂತು ನನ್ನ ಸಾಲನ್ನು ಕೈಯಲ್ಲೇ ಬರೆದು ಸೆಲ್ಲೋಟೇಪ್ ಹಾಕಿ ಅಂಟಿಸಿದೆ. ಮುಂದಿನ ಭಾನುವಾರ ನುಡಿಸಿದೆವು, ಹನ್ನೊಂದನೇ ಬಾರಿನಲ್ಲಿ ನಾನು ಬರೆಯುವಾಗ ಮಾಡಿದ ತಪ್ಪನ್ನೇ ಶ್ರದ್ಧೆಯಿಂದ ನುಡಿಸಿದೆ. ನಿನ್ನೆ ಆ ಮಾರಾಟಗಾರನ ಅಂಗಡಿ ಮತ್ತೆ ನೋಡಿದೆ. ಬೆಲೆ 1,650 ಆಗಿದೆ. ಫೋಟೋ ಅದೇ, ಫಸ್ಟ್ ವಯಲಿನ್ನಿನ ಮೊದಲ ಪುಟ.