ಹಾರ್ಟಿಂಗ್ಟನ್ ಸುತ್ತ ಮೂರು ಹಳೆಯ ರೈಲುದಾರಿಗಳು: ಸೈಕಲ್ಲಿಗೆ ಯಾವುದು ಮೇಲು?

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಟಿಂಗ್ಟನ್ ದೊಡ್ಡ ಊರೇನಲ್ಲ. ಬಾತುಕೋಳಿಗಳಿರುವ ಒಂದು ಕೊಳ, ಅದರ ಪಕ್ಕದಲ್ಲಿ ಚೀಸ್ ಅಂಗಡಿ, ಒಂದೆರಡು ಪಬ್ಬು, ದಿಬ್ಬದ ಮೇಲೆ ಚರ್ಚು, 17ನೇ ಶತಮಾನದ ಬಂಗಲೆಯೊಂದರಲ್ಲಿ ನಡೆಯುವ ಯೂತ್ ಹಾಸ್ಟೆಲ್. ಆದರೂ ಬೇಸಿಗೆಯ ಶನಿವಾರ ಇಲ್ಲಿ ಸೈಕಲ್ ಒರಗಿಸಲು ಗೋಡೆ ಸಿಗುವುದು ಕಷ್ಟ. ಕಾರಣ ಇಷ್ಟೇ: ಊರಿನ ನಡುವೆ ಹಾದುಹೋಗುವ ಬಿ5054 ರಸ್ತೆಯಲ್ಲಿ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟು ಏರಿದರೆ ಟಿಸ್ಸಿಂಗ್ಟನ್ ಟ್ರೇಲ್, ಅದೇ ದಾರಿಯಲ್ಲಿ ಉತ್ತರಕ್ಕೆ ಸ್ವಲ್ಪ ಹೋದರೆ ಪಾರ್ಸ್ಲಿ ಹೇ ಎಂಬಲ್ಲಿ ಹೈ ಪೀಕ್ ಟ್ರೇಲ್, ಪಶ್ಚಿಮಕ್ಕೆ ಮೂರು ಕಿಲೋಮೀಟರ್ ಹೋದರೆ ಹ್ಯೂಮ್ ಎಂಡ್‌ನಲ್ಲಿ ಮ್ಯಾನಿಫೋಲ್ಡ್ ವೇ. ಮೂರೂ ಒಂದು ಕಾಲಕ್ಕೆ ರೈಲುದಾರಿಗಳು. ಹಳಿ ಕಿತ್ತು, ಸೈಕಲ್ಲಿಗೂ ಕಾಲ್ನಡಿಗೆಗೂ ಬಿಟ್ಟುಕೊಟ್ಟವು.

ಹಳೆಯ ರೈಲುದಾರಿ ಎಂದ ಮೇಲೆ ಮೂರೂ ಸಮತಟ್ಟು, ಯಾವುದಕ್ಕೆ ಹೋದರೂ ಒಂದೇ ಎನ್ನುವವರು ನನ್ನ ಡರ್ಬಿ ಗೆಳೆಯರಲ್ಲೇ ಹಲವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ರೈಲನ್ನು ಯಾತಕ್ಕಾಗಿ ಹಾಕಿದ್ದರು ಎನ್ನುವುದರ ಮೇಲೆ ದಾರಿಯ ಗುಣ ನಿಂತಿದೆ. ಹಿಂದಿನ ಎಂಜಿನಿಯರ್ ಕಾಗದದ ಮೇಲೆ ಹಾಕಿದ ಲೆಕ್ಕ ಇವತ್ತು ನಮ್ಮ ತೊಡೆಗಳಿಗೆ ತಿಳಿಯುತ್ತದೆ. ನನ್ನದು ಉಕ್ಕಿನ ಚೌಕಟ್ಟಿನ ಟೂರಿಂಗ್ ಸೈಕಲ್, 35 ಮಿಲಿಮೀಟರ್ ಟೈರು, ಹಿಂದಿನ ಚಕ್ರದ ಎರಡೂ ಬದಿಗೆ ಚೀಲ. ಮುಂದಿನ ತೀರ್ಪುಗಳನ್ನು ಅಂಥ ಭಾರದ ಗಾಡಿಯವನ ತೀರ್ಪುಗಳೆಂದೇ ಓದಿಕೊಳ್ಳಿ.

ಟಿಸ್ಸಿಂಗ್ಟನ್ ಟ್ರೇಲ್ ಎಲ್ಲರೂ ಮೊದಲು ಹೆಸರಿಸುವ ದಾರಿ. ಆಶ್‌ಬೋರ್ನ್ ಪಟ್ಟಣದಿಂದ ಪಾರ್ಸ್ಲಿ ಹೇವರೆಗೆ 21 ಕಿಲೋಮೀಟರ್. 1899ರಲ್ಲಿ ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿ ತೆರೆದ ಈ ಮಾರ್ಗದಲ್ಲಿ ಸುಣ್ಣದಕಲ್ಲು ಸಾಗುತ್ತಿತ್ತು, ಲಂಡನ್ನಿಗೆ ಹಾಲು ಹೋಗುತ್ತಿತ್ತು. 1954ರಲ್ಲಿ ಪ್ರಯಾಣಿಕರ ಗಾಡಿಗಳು ನಿಂತವು, 1971ರಲ್ಲಿ ಟ್ರೇಲ್ ಆಯಿತು. ಉಗಿಬಂಡಿ ಎಲ್ಲೂ ಏದುಸಿರು ಬಿಡಬಾರದೆಂದು ಏರನ್ನು ಉದ್ದಕ್ಕೂ ಹಂಚಿದ್ದಾರೆ. ಆಶ್‌ಬೋರ್ನ್‌ನಿಂದ ಹೊರಟರೆ ಕಣ್ಣಿಗೆ ಕಾಣದ ಏರು ಕಾಲನ್ನು ಬಿಡುವುದೇ ಇಲ್ಲ. ಬ್ರೇಕ್ ಚಕ್ರಕ್ಕೆ ಉಜ್ಜುತ್ತಿದೆಯೇನೋ ಎಂದು ಇಳಿದು ನೋಡುವವರನ್ನು ಈ ದಾರಿಯಲ್ಲಿ ಆಗಾಗ ಕಾಣುತ್ತೇನೆ. ಪಾರ್ಸ್ಲಿ ಹೇಯಲ್ಲಿ ಬಾಡಿಗೆ ಸೈಕಲ್ ಹಿಡಿದು ದಕ್ಷಿಣಕ್ಕೆ ನಗುನಗುತ್ತಾ ಜಾರಿ ಹೋಗುವ ಕುಟುಂಬಗಳು ಸಂಜೆ ಮರಳುವಾಗ ಮೌನವಾಗಿರುತ್ತವೆ. ಆಶ್‌ಬೋರ್ನ್‌ನಲ್ಲೂ ಬಾಡಿಗೆ ಸೈಕಲ್ ಸಿಗುತ್ತದೆ. ಅಲ್ಲಿಂದಲೇ ಹೊರಡಿ, ಏರನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ನೋಟದ ವಿಷಯದಲ್ಲಿ ಈ ಟ್ರೇಲ್‌ಗೆ ಸಿಗುವ ಹೊಗಳಿಕೆ ಸ್ವಲ್ಪ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಹಲವು ಕಡೆ ದಾರಿ ಬಂಡೆ ಕಡಿದ ಕಣಿವೆಯೊಳಗೆ ಹೋಗುತ್ತದೆ. ಕೋಲ್ಡೀಟನ್‌ನ ಕಡಿತವಂತೂ ಉದ್ದ, ಆಳ. ಎರಡೂ ಬದಿಗೆ ಸುಣ್ಣದಕಲ್ಲಿನ ಗೋಡೆ, ಮೇಲೊಂದು ಪಟ್ಟಿ ಆಕಾಶ. ಕಾಡುಹೂ ನೋಡಲು ಇಷ್ಟವಿದ್ದವರಿಗೆ ಮೇ, ಜೂನ್ ತಿಂಗಳಲ್ಲಿ ಇದೇ ಸ್ವರ್ಗವಾದೀತು. ದೂರದ ಬಯಲು ನೋಡಬಂದವರಿಗೆ ಅಲ್ಲ. ಟಿಸ್ಸಿಂಗ್ಟನ್ ಹಳ್ಳಿ ಮಾತ್ರ ಇಳಿದು ನೋಡುವಂಥದ್ದು. ಈಸ್ಟರ್ ಕಳೆದು ನಲವತ್ತನೇ ದಿನದ ಹೊತ್ತಿಗೆ ಬರುವ ಅಸೆನ್ಶನ್ ಹಬ್ಬಕ್ಕೆ ಊರಿನ ಬಾವಿಗಳನ್ನೆಲ್ಲ ಸಿಂಗರಿಸುತ್ತಾರೆ. ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರಲ್ಲಿ ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಬರೆಯುತ್ತಾರೆ. ಆ ವಾರ ಸೈಕಲ್ ತಳ್ಳಿಕೊಂಡೇ ಊರು ದಾಟಬೇಕು, ಅಷ್ಟು ಜನ.

ಹೈ ಪೀಕ್ ಟ್ರೇಲ್‌ನ ಸ್ವಭಾವವೇ ಬೇರೆ. ಕ್ರಾಮ್‌ಫರ್ಡ್ ಅಂಡ್ ಹೈ ಪೀಕ್ ರೈಲ್ವೆ ಪೂರ್ತಿ ತೆರೆದದ್ದು 1831ರಲ್ಲಿ, ರೈಲು ಎಂದರೆ ಏನೆಂದು ಜಗತ್ತು ಇನ್ನೂ ಕಲಿಯುತ್ತಿದ್ದ ಕಾಲ. ಎರಡು ಕಾಲುವೆಗಳನ್ನು ಗುಡ್ಡದ ಮೇಲಿಂದ ಜೋಡಿಸುವುದು ಉದ್ದೇಶ. ಎಂಜಿನಿಯರ್ ಜೋಸಾಯಸ್ ಜೆಸಪ್ ಕಾಲುವೆ ತೋಡುವವರ ಮನೆತನದವನು. ರೈಲನ್ನೂ ಕಾಲುವೆಯ ಹಾಗೆಯೇ ಯೋಚಿಸಿದ. ಮೈಲಿಗಟ್ಟಲೆ ಮಟ್ಟಸ ದಾರಿ, ಕಾಲುವೆಯಲ್ಲಿ ನೀರಿನ ಮಟ್ಟ ಏರಿಸುವ ಬಾಗಿಲುಗಳಿರುವ ಕಡೆ ಇಲ್ಲಿ ಕಡಿದಾದ ಇಳಿಜಾರು. ಮಟ್ಟಸ ಭಾಗದಲ್ಲಿ ಮೊದಮೊದಲು ಕುದುರೆ ಎಳೆಯುತ್ತಿತ್ತು. ಇಳಿಜಾರಿನ ನೆತ್ತಿಯಲ್ಲಿ ಕಟ್ಟಿ ನಿಲ್ಲಿಸಿದ ಉಗಿಯಂತ್ರ ವ್ಯಾಗನ್ನುಗಳನ್ನು ಸರಪಳಿಯಿಂದ, ಮುಂದೆ ತಂತಿಹಗ್ಗದಿಂದ ಮೇಲಕ್ಕೆಳೆಯುತ್ತಿತ್ತು. ಮಿಡಲ್ಟನ್ ಟಾಪ್‌ನಲ್ಲಿ 1829ರ ಅಂಥ ಯಂತ್ರವೊಂದು ಅದರದೇ ಮನೆಯಲ್ಲಿ ಇಂದಿಗೂ ಉಳಿದಿದೆ.

ಸೈಕಲ್ ಸವಾರನಿಗೆ ಇದರ ಅರ್ಥ ಹೀಗೆ: ಕ್ರಾಮ್‌ಫರ್ಡ್ ಕಡೆಯಿಂದ ಹೊರಟರೆ ಶೀಪ್ ಪಾಸ್ಚರ್, ಆಮೇಲೆ ಮಿಡಲ್ಟನ್, ಎರಡೂ ಹೆಚ್ಚುಕಡಿಮೆ ಎಂಟಕ್ಕೆ ಒಂದರ ಏರು, ಅಂದರೆ ಎಂಟು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಮೇಲಕ್ಕೆ. ಅದರ ಮುಂದೆ ಹಾಪ್ಟನ್, ಹದಿನಾಲ್ಕಕ್ಕೆ ಒಂದು. ಸಡಿಲ ಜಲ್ಲಿಯ ಮೇಲೆ ಚೀಲ ಹೊತ್ತ ಸೈಕಲ್ಲನ್ನು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಕುಳಿತೇ ತುಳಿಯಬೇಕು, ಇಲ್ಲವೇ ಇಳಿದು ತಳ್ಳಬೇಕು. ನಾನು ತಳ್ಳುತ್ತೇನೆ, ಸಂಕೋಚವೇನೂ ಇಲ್ಲ. ಇಳಿಯುವವರು ಶೀಪ್ ಪಾಸ್ಚರ್‌ನ ತಳದ ಹತ್ತಿರವಿರುವ ಗುಂಡಿಯನ್ನು ನೋಡಬೇಕು. 1888ರಲ್ಲಿ ಕಳಚಿಕೊಂಡ ವ್ಯಾಗನ್ನುಗಳು ಇಲ್ಲಿಂದ ಉರುಳಿ, ಕೆಳಗಿನ ಕಾಲುವೆಯನ್ನೂ ರೈಲುಹಳಿಯನ್ನೂ ಹಾರಿ ಬಿದ್ದವು. ಆಮೇಲೆ ಓಡಿಹೋಗುವ ವ್ಯಾಗನ್ ಹಿಡಿಯಲೆಂದು ಈ ಗುಂಡಿ ತೋಡಿದರು. ಬ್ರೇಕ್ ಪ್ಯಾಡ್ ಸವೆದಿದ್ದರೆ ಈ ದಾರಿ ಆ ದಿನದ ಮಟ್ಟಿಗೆ ಬೇಡ.

ಮೂರು ಏರು ಮುಗಿದ ಮೇಲೆ ಮಾತ್ರ ಈ ದಾರಿ ಕೊಡುವುದನ್ನು ಉಳಿದೆರಡು ಕೊಡಲಾರವು. ಪಾರ್ಸ್ಲಿ ಹೇವರೆಗೆ ಹೆಚ್ಚು ಏರಿಳಿತವಿಲ್ಲದೆ, ಕಲ್ಲಿನ ಬೇಲಿಗಳ ಬಯಲಿನ ನೆತ್ತಿಯ ಮೇಲೆ, ಎತ್ತರದ ಕಟ್ಟೆಗಳ ಮೇಲೆ ಸಾಗುತ್ತದೆ. ಮರಗಳ ಗುಂಪು ಹೊತ್ತ ಮಿನಿಂಗ್‌ಲೋ ಗುಡ್ಡ ಬಹಳ ಹೊತ್ತು ಕಣ್ಣಳತೆಯಲ್ಲೇ ಇರುತ್ತದೆ. ಮೇಲಿರುವುದು ನವಶಿಲಾಯುಗದ ಕಲ್ಲುಗೋರಿಗಳು. ಗೋಥಮ್ ಎಂಬಲ್ಲಿ ದಾರಿ ಸರಕ್ಕನೆ ತಿರುಗುತ್ತದೆ: ಸುಮಾರು 50 ಮೀಟರ್ ತ್ರಿಜ್ಯದಲ್ಲಿ 80 ಡಿಗ್ರಿ. ಸೈಕಲ್ಲಿಗೇ ತಿರುವು ಎನಿಸುವಲ್ಲಿ ರೈಲು ಹೇಗೆ ತಿರುಗಿತೋ! ಭಾನುವಾರವೂ ಈ ಭಾಗದಲ್ಲಿ ಜನ ಕಡಿಮೆ. ಕೊರತೆಯೆಂದರೆ ಗಾಳಿ. ಮರೆ ಎನ್ನುವುದೇ ಇಲ್ಲ. ಪಶ್ಚಿಮದ ಗಾಳಿ ಜೋರಾದ ದಿನ ಮಟ್ಟಸ ದಾರಿಯೂ ಏರೇ. ಜೊತೆಗೆ ಮಳೆ ಬಂದರೆ ಸುಣ್ಣದಕಲ್ಲಿನ ಪುಡಿ ಬಿಳಿ ಗಂಜಿಯಂತಾಗಿ ಚೈನಿಗೆ ಮೆತ್ತಿಕೊಳ್ಳುತ್ತದೆ. ಟಿಸ್ಸಿಂಗ್ಟನ್‌ನಲ್ಲೂ ಇದೇ ಕಥೆ. ಇನ್ನೊಂದು ದೊಡ್ಡ ಅನುಕೂಲ: ಕ್ರಾಮ್‌ಫರ್ಡ್‌ಗೆ ಡರ್ಬಿಯಿಂದ ರೈಲಿದೆ. ಆಶ್‌ಬೋರ್ನ್‌ಗಾಗಲಿ, ಮ್ಯಾನಿಫೋಲ್ಡ್ ವೇ ಮುಗಿಯುವ ವಾಟರ್‌ಹೌಸಸ್‌ಗಾಗಲಿ ಇಲ್ಲ. ಕಾರಿಲ್ಲದವರ ಲೆಕ್ಕ ಇಲ್ಲಿಗೇ ಮುಗಿಯಿತು.

ಮ್ಯಾನಿಫೋಲ್ಡ್ ವೇ ಡವ್ ನದಿಯ ಆಚೆ, ಸ್ಟಾಫರ್ಡ್‌ಶೈರ್‌ನಲ್ಲಿದೆ. ಹ್ಯೂಮ್ ಎಂಡ್‌ನಿಂದ ವಾಟರ್‌ಹೌಸಸ್‌ವರೆಗೆ ಬರೀ 13 ಕಿಲೋಮೀಟರ್, ಆದರೆ ಪೂರ್ತಿ ಡಾಂಬರು. ತೆಳು ಟೈರಿನವರಿಗೆ ಮೂರರಲ್ಲಿ ಇದೊಂದೇ ಗತಿ. 1904ರಿಂದ 1934ರವರೆಗೆ ಮೂವತ್ತೇ ವರ್ಷ ಓಡಿದ ಎರಡೂವರೆ ಅಡಿ ಗೇಜಿನ ಪುಟ್ಟ ರೈಲು ಇದು. ಇದರ ಎಂಜಿನಿಯರ್ ಎವರಾರ್ಡ್ ಕಾಲ್ಥ್ರಾಪ್ ಅದಕ್ಕೂ ಮೊದಲು ಮಹಾರಾಷ್ಟ್ರದಲ್ಲಿ ಬಾರ್ಶಿ ಲೈಟ್ ರೈಲ್ವೆ ಕಟ್ಟಿದವನು. ಅದೇ ಗೇಜಿನ ಆ ರೈಲು ಮುಂದೆ ಪಂಢರಪುರಕ್ಕೂ ಮೀರಜಿಗೂ ಬೆಳೆಯಿತು. ಮೀರಜಿನಲ್ಲಿ ಗಾಡಿ ಬದಲಿಸಿ ವಿಠ್ಠಲನ ದರ್ಶನಕ್ಕೆ ಹೋಗುತ್ತಿದ್ದ ಬೆಳಗಾವಿ ಕಡೆಯ ಹಿರಿಯರು ಕುಳಿತದ್ದು ಈ ರೈಲಿನ ಅಣ್ಣನಲ್ಲಿ. ಬಿಸಿಲುನಾಡಿನ ಅನುಭವದಿಂದ ರೂಪಿಸಿದ ಎಂಜಿನ್ನುಗಳು ಸ್ಟಾಫರ್ಡ್‌ಶೈರ್‌ನ ಮಂಜಿನಲ್ಲಿ ಓಡಿದವು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಹಗುರ ರೈಲಾದ್ದರಿಂದ ಬೆಟ್ಟ ಕಡಿಯುವ ಖರ್ಚು ಮಾಡಲಿಲ್ಲ. ನದಿ ತಿರುಗಿದ ಕಡೆಗೆಲ್ಲ ತಿರುಗಿತು. ಹಾಗಾಗಿ ಇಲ್ಲಿ ಸವಾರಿ ಕಣಿವೆಯ ತಳದಲ್ಲಿ, ನೀರಿನ ಪಕ್ಕದಲ್ಲಿ. ಒಣ ಬೇಸಿಗೆಯಲ್ಲಿ ಆ ನೀರೂ ಇರುವುದಿಲ್ಲ: ವೆಟ್ಟನ್ ಮಿಲ್ ಹತ್ತಿರ ಮ್ಯಾನಿಫೋಲ್ಡ್ ನದಿ ನೆಲದೊಳಕ್ಕೆ ಇಳಿದು, ದೂರದ ಐಲಮ್‌ನಲ್ಲಿ ಮತ್ತೆ ಮೇಲೇಳುತ್ತದೆ. ಕೆಳಗೆ ಬಿಳಿಗಲ್ಲಿನ ಬರಿದು ಪಾತ್ರ, ಮೇಲೆ ಬಂಡೆಯಲ್ಲಿ ಬಾಯಿ ತೆರೆದ ಥಾರ್‌ನ ಗುಹೆ. ಸೈಕಲ್ಲಿಗೆ ಕೆಳಗೇ ಬೀಗ ಹಾಕಿ ಮೆಟ್ಟಿಲು ಹತ್ತಬೇಕು. ಗುಹೆಯ ನೆಲ ಉಜ್ಜಿ ನುಣುಪಾಗಿದೆ, ಸೈಕಲ್ ಶೂ ಜಾರುತ್ತದೆ.

ತಕರಾರು ಒಂದೇ. ಸ್ವೇನ್ಸ್‌ಲಿ ಸುರಂಗದಿಂದ ವೆಟ್ಟನ್ ಮಿಲ್ ಕಡೆಗಿನ ಭಾಗದಲ್ಲಿ ಕಾರುಗಳೂ ಬರುತ್ತವೆ. ಸುರಂಗಕ್ಕೂ ಒಂದು ಕಥೆಯಿದೆ. ಪಕ್ಕದ ಸ್ವೇನ್ಸ್‌ಲಿ ಹಾಲ್ ಥಾಮಸ್ ವಾರ್ಡಲ್‌ನದು. ಲೀಕ್ ಪಟ್ಟಣದಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದ, ಭಾರತದ ಟಸ್ಸರ್ ರೇಷ್ಮೆಯ ಬೆನ್ನು ಹತ್ತಿದ ಉದ್ಯಮಿ. ಮನೆಯಿಂದ ರೈಲು ಕಾಣಬಾರದೆಂದು ಸುರಂಗ ಕೊರೆದರೆಂದು ಹೇಳುತ್ತಾರೆ, ಅವನೇ ರೈಲು ಕಂಪನಿಯ ನಿರ್ದೇಶಕನೂ ಆಗಿದ್ದ! ಒಳಗೆ ಕತ್ತಲು; ಹಿಂದೆ ಮುಂದೆ ಎರಡೂ ದೀಪ ಇರಲಿ. ಚಿಕ್ಕ ಮಕ್ಕಳಿದ್ದರೆ ವೆಟ್ಟನ್ ಮಿಲ್‌ನಿಂದ ದಕ್ಷಿಣದ ಭಾಗವನ್ನಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿಯ ಚಹಾದ ಜಾಗವೂ ಚೆನ್ನಾಗಿದೆ.

ಒಂದನ್ನೇ ಆರಿಸು ಎಂದರೆ, ದೂರದ ಪ್ರವಾಸಕ್ಕೆ ಹೈ ಪೀಕ್. ಕಣ್ಣಿಗೆ, ಮನಸ್ಸಿಗೆ ಮ್ಯಾನಿಫೋಲ್ಡ್. ಆದರೆ 13 ಕಿಲೋಮೀಟರಿಗಾಗಿ ಅಷ್ಟು ದೂರ ಹೋಗುವುದು ನಷ್ಟದ ಬಾಬತ್ತು. ಟಿಸ್ಸಿಂಗ್ಟನ್ ನನ್ನ ಮಟ್ಟಿಗೆ ಉಳಿದೆರಡನ್ನು ಸೇರಿಸುವ ಕೊಂಡಿ. ಹಾಗೆ ಬಳಸಿದಾಗ ಅದು ತುಂಬ ಒಳ್ಳೆಯ ಕೊಂಡಿಯೇ: ಬೆಳಿಗ್ಗೆ ಆಶ್‌ಬೋರ್ನ್‌ನಿಂದ ಏರಿ, ಹಳೆಯ ಹಾರ್ಟಿಂಗ್ಟನ್ ನಿಲ್ದಾಣದ ಸಿಗ್ನಲ್ ಬಾಕ್ಸ್ ಬಳಿ ಟ್ರೇಲ್ ಬಿಟ್ಟು, ಊರಿಗಿಳಿದು ಊಟ ಮಾಡಿ, ಹ್ಯೂಮ್ ಎಂಡ್‌ನಿಂದ ಮ್ಯಾನಿಫೋಲ್ಡ್ ಹಿಡಿದು ವಾಟರ್‌ಹೌಸಸ್ ತಲುಪಬಹುದು. ಅಲ್ಲಿಂದ ಕ್ಯಾಲ್ಟನ್, ಬ್ಲೋರ್ ಮೂಲಕ ಹಳ್ಳಿರಸ್ತೆಗಳಲ್ಲಿ ಆಶ್‌ಬೋರ್ನ್‌ಗೆ ಮರಳಬೇಕು. ಈ ಕೊನೆಯ ಭಾಗಕ್ಕೆ ರೈಲು ಎಂಜಿನಿಯರ್ ಯಾರೂ ಇರಲಿಲ್ಲ, ಏರುಗಳಲ್ಲಿ ಅದು ಗೊತ್ತಾಗುತ್ತದೆ; ಬ್ಲೋರ್ ದಾಟಿದ ಮೇಲಿನ ಇಳಿಜಾರಿಗೆ ಬ್ರೇಕಿನಲ್ಲಿ ಸ್ವಲ್ಪ ಉಳಿಸಿಕೊಂಡಿರಿ.