ಟಿಮೊಶೆಂಕೋ ‘ಸ್ಟ್ರೆಂತ್ ಆಫ್ ಮಟೀರಿಯಲ್ಸ್’: ಕಲಬುರಗಿಯವರಿಗೆ ಎರಡನೇ ಭಾಗವೇ ಬೇಕು

ಸೂಪರ್ ಮಾರ್ಕೆಟ್ ಕಡೆಯ ಪುಸ್ತಕದಂಗಡಿಯಲ್ಲಿ ‘ಟಿಮೊಶೆಂಕೋ ಕೊಡ್ರಿ’ ಎಂದಷ್ಟೇ ಕೇಳಿದರೆ ಸಾಲದು. ಆ ಹೆಸರಿನಲ್ಲಿ ಬೇರೆ ಬೇರೆ ಪುಸ್ತಕಗಳಿವೆ. ಇಲ್ಲಿ ಹೇಳುತ್ತಿರುವುದು 1930ರಲ್ಲಿ ಮೊದಲು ಬಂದ, ಎರಡು ಭಾಗಗಳ ‘ಸ್ಟ್ರೆಂತ್ ಆಫ್ ಮಟೀರಿಯಲ್ಸ್’ ಬಗ್ಗೆ. ಬೀಮು, ಕಂಬಗಳು ಭಾರವನ್ನು ಹೇಗೆ ತಡೆಯುತ್ತವೆ ಎಂದು ಲೆಕ್ಕ ಹಾಕಲು ಕಲಿಸುವ ಪುಸ್ತಕ ಇದು. ಮೂರನೇ ಆವೃತ್ತಿ 1955–56ರದು. ಅದನ್ನೇ ಹುಡುಕಿ. ದುಡ್ಡು ಕೊಡುವ ಮೊದಲು ಬೆನ್ನಿನ ಮೇಲೆ ಯಾವ ಭಾಗ ಎಂದಿದೆ ನೋಡಿಕೊಳ್ಳಿ.

ಮೊದಲನೇ ಭಾಗ ಬಿ.ಇ. ವಿದ್ಯಾರ್ಥಿಗೆ: ಎಳೆತ, ಒತ್ತಡ, ಬೆಂಡಿಂಗ್ ಮೊಮೆಂಟ್ (ಬಾಗಿಸುವ ಪರಿಣಾಮದ ಅಳತೆ), ಡಿಫ್ಲೆಕ್ಷನ್ (ಬಾಗಿ ತಗ್ಗುವುದು), ತಿರುಚು. ಚೆನ್ನಾಗಿದೆ, ಆದರೆ ಇದರ ಬದಲಿಗೆ ಓದಬಹುದಾದ ಪುಸ್ತಕಗಳು ಇಂದು ಬೇಕಾದಷ್ಟಿವೆ. ಎರಡನೇ ಭಾಗಕ್ಕೆ ಹಾಗೆ ಸುಲಭದ ಬದಲಿ ಇಲ್ಲ. ಅದು ಶುರುವಾಗುವುದೇ ಸ್ಥಿತಿಸ್ಥಾಪಕ ನೆಲದ ಮೇಲೆ ಮಲಗಿದ ಬೀಮಿನಿಂದ. ಬರೆದವನು ರೈಲ್ವೆಯ ಲೆಕ್ಕದಲ್ಲಿ ಪಳಗಿದವನು: ಈಗಿನ ಉಕ್ರೇನಿನ ಶ್ಪೊಟಿವ್ಕಾದಲ್ಲಿ 1878ರಲ್ಲಿ ಹುಟ್ಟಿ, ಪೀಟರ್ಸ್‌ಬರ್ಗಿನ ಸಾರಿಗೆ ಎಂಜಿನಿಯರಿಂಗ್ ಸಂಸ್ಥೆಯಲ್ಲಿ 1901ಕ್ಕೆ ಓದು ಮುಗಿಸಿದವನು. ಹಳಿ, ಸ್ಲೀಪರ್, ಜಲ್ಲಿ ಅವನಿಗೆ ಹೊಸದಲ್ಲ.

ವಾಡಿ ಜಂಕ್ಷನ್ನಿನ ಹಳಿಯನ್ನೇ ಉದಾಹರಣೆಗೆ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ. ಮೀಟರಿಗೆ 60 ಕಿಲೋ ತೂಗುವ ಹಳಿ, ಬಾಗುವುದನ್ನು ತಡೆಯುವ ಅದರ ಆಕಾರದ ಅಳತೆ (ಮೊಮೆಂಟ್ ಆಫ್ ಇನರ್ಷಿಯಾ) ಸುಮಾರು 3055 ಸೆಂ.ಮೀ.⁴. ಜಲ್ಲಿ-ಮಣ್ಣಿನ ಬಿಗುವು ಮೀಟರಿಗೆ, ಪ್ರತಿ ಮಿ.ಮೀ. ಕುಸಿತಕ್ಕೆ 20 ಕಿಲೋನ್ಯೂಟನ್ ಎಂದು ಹಿಡಿಯಿರಿ. 100 ಕಿಲೋನ್ಯೂಟನ್ ಚಕ್ರದ ಕೆಳಗೆ ಹಳಿ ಸುಮಾರು 2.4 ಮಿ.ಮೀ. ತಗ್ಗುತ್ತದೆ, ಮೊಮೆಂಟ್ 26.5 ಕಿಲೋನ್ಯೂಟನ್-ಮೀಟರ್. ಎರಡೂವರೆ ಮೀಟರ್ ಆಚೆ ಹಳಿ ಕೂದಲೆಳೆಯಷ್ಟು ಮೇಲಕ್ಕೇ ಏಳುತ್ತದೆ. ಈಗ ಮಣ್ಣಿನ ಬಿಗುವನ್ನು ಅರ್ಧ ಮಾಡಿ. ಮೊಮೆಂಟ್ ಶೇ 19ರಷ್ಟೇ ಏರುತ್ತದೆ, ಕುಸಿತ ಮಾತ್ರ ಶೇ 68ರಷ್ಟು. ಮಣ್ಣಿನ ಅಂದಾಜು ತಪ್ಪಿದರೆ ಕಬ್ಬಿಣದ ಲೆಕ್ಕ ಹೇಗೋ ಸುಧಾರಿಸುತ್ತದೆ, ಗೋಡೆಯ ಬಿರುಕು ಸುಧಾರಿಸುವುದಿಲ್ಲ. ಎರೆಮಣ್ಣಿನ ಮೇಲೆ ಮನೆ ಕಟ್ಟಿಸುವವರಿಗೆ ಇದಕ್ಕಿಂತ ಹತ್ತಿರದ ಪಾಠ ಸಿಗುವುದು ಕಷ್ಟ.

ಆದರೆ ಸೂತ್ರವನ್ನು ಎರೆಮಣ್ಣಿಗೆ ಕಣ್ಣುಮುಚ್ಚಿ ಹಾಕುವಂತಿಲ್ಲ. ನೆಲ ಎಂದರೆ ಬಿಡಿಬಿಡಿ ಸ್ಪ್ರಿಂಗ್‌ಗಳ ಸಾಲು, ವರ್ಷವಿಡೀ ಒಂದೇ ಬಿಗುವು, ಬೀಮಿನಿಂದ ಎಂದೂ ಕೈ ಬಿಡುವುದಿಲ್ಲ ಎಂಬ ಊಹೆ ಅದರ ಬೆನ್ನಿಗಿದೆ. ನಮ್ಮ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೀಮನ್ನು ಎತ್ತುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಹೊರಗೋಡೆಯ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಒದ್ದೆ, ಒಣ, ಅಂಚು ಬಿಟ್ಟ ಸ್ಥಿತಿ ಎಂದು ಕನಿಷ್ಠ ಮೂರು ಸಲ ಲೆಕ್ಕ ಹಾಕಬೇಕು. ಅಂಡರ್-ರೀಮ್ಡ್ ಪೈಲ್ (ಬುಡದ ಹತ್ತಿರ ಗಡ್ಡೆಯಂತೆ ಅಗಲಿಸಿ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿದ್ದರೆ ಈ ಅಧ್ಯಾಯವೇ ಬೇಡ. ಅಲ್ಲಿ ಬೀಮಿನ ಕೆಳಗೆ ಬೇಕೆಂದೇ ಖಾಲಿ ಜಾಗ ಬಿಡುತ್ತಾರೆ. ಅದನ್ನು ಮಣ್ಣಿನಿಂದ ಮುಚ್ಚುವ ಮೇಸ್ತ್ರಿಯನ್ನು ತಡೆಯುವುದು ಬೇರೆ ಕೆಲಸ!

ಕಂಬ ಬಾಗಿ ಸೋಲುವ ವಿಷಯ, ಅಂದರೆ ಬಕ್ಲಿಂಗ್, ಲೇಖಕನ ಸ್ವಂತ ಹೊಲ. 1911ರಲ್ಲಿ ಶಿಕ್ಷಣ ಮಂತ್ರಿಯ ವಿರುದ್ಧದ ಪ್ರತಿಭಟನೆಗೆ ಸಹಿ ಹಾಕಿ ಕೀವ್ ಪಾಲಿಟೆಕ್ನಿಕ್‌ನ ಕೆಲಸ ಕಳೆದುಕೊಂಡ. ಅದೇ ವರ್ಷ ಈ ವಿಷಯದ ಕೆಲಸಕ್ಕೆ ಜುರಾವ್ಸ್ಕಿ ಬಹುಮಾನ ಬಂತು. 1918ರಲ್ಲಿ ಉಕ್ರೇನ್ ವಿಜ್ಞಾನ ಅಕಾಡೆಮಿಯ ಸ್ಥಾಪಕರಲ್ಲೊಬ್ಬ. ಆಮೇಲೆ ಜಾಗ್ರೆಬ್, 1922ಕ್ಕೆ ಅಮೆರಿಕ. ವೆಸ್ಟಿಂಗ್‌ಹೌಸ್‌ನಲ್ಲಿ ಯಂತ್ರಗಳ ಜೊತೆ ಕಳೆದ ವರ್ಷಗಳ ಗುರುತು ತಿರುಗುವ ಡಿಸ್ಕ್, ಒತ್ತಡ ಒಂದೆಡೆ ಜಮೆಯಾಗುವ ಮೂಲೆಗಳ ಪುಟಗಳಲ್ಲಿ ಕಾಣುತ್ತದೆ. ಸಿವಿಲ್‌ನವರು ಇವನ್ನು ದಾಟಿಕೊಂಡು ಹೋಗಬಹುದು.

‘ಟಿಮೊಶೆಂಕೋ ಬೀಮ್’, ಅಂದರೆ ಶಿಯರ್ (ಅಡ್ಡಡ್ಡ ಜಾರಿಸುವ ಬಲ) ಕೂಡ ಲೆಕ್ಕಕ್ಕೆ ಹಿಡಿಯುವ ಅವನ 1921ರ ಸಿದ್ಧಾಂತ, ಹುಡುಕಿ ಬಂದವರಿಗೆ ಒಂದು ಎಚ್ಚರಿಕೆ. ಶಿಯರ್‌ನಿಂದಾಗುವ ಡಿಫ್ಲೆಕ್ಷನ್ ಮೊದಲನೇ ಭಾಗದಲ್ಲಿದೆ, ಮತ್ತು ಅಲ್ಲಿ ಆಯತಾಕಾರದ ಬೀಮಿಗೆ ಗುಣಕ 3/2. ಶಕ್ತಿಯ ವಿಧಾನದಲ್ಲಿ ಸಿಗುವುದು 6/5. ಸಾಫ್ಟ್‌ವೇರ್ ಸಾಮಾನ್ಯವಾಗಿ ಬಳಸುವುದೂ ಇದನ್ನೇ. ಎರಡು ತುದಿಗೆ ಆಸರೆ, ಉದ್ದಕ್ಕೂ ಸಮ ಭಾರವಿರುವ ಕಾಂಕ್ರೀಟ್ ಬೀಮಿಗೆ 6/5 ಹಿಡಿದರೆ, ಸ್ಪ್ಯಾನ್ ಆಳದ 10 ಪಟ್ಟಿದ್ದಾಗ ಬರೀ ಬಾಗುವಿಕೆಯ ತಗ್ಗಿಗೆ ಶಿಯರ್ ಸೇರಿಸುವುದು ಶೇ 2.3 ಮಾತ್ರ. ಆಳದ 3 ಪಟ್ಟಾದರೆ ಶೇ 26. 3/2 ಹಾಕಿದರೆ ಅದೇ ಶೇ 32. ಉತ್ತರ ತಾಳೆಯಾಗದೆ ತಲೆ ಕೆರೆದುಕೊಳ್ಳುವುದು ಇಲ್ಲೇ. ಅಂದಹಾಗೆ, ಆ ಸಿದ್ಧಾಂತದಲ್ಲಿ ಭೌತವಿಜ್ಞಾನಿ ಪಾಲ್ ಎಹ್ರೆನ್‌ಫೆಸ್ಟ್‌ಗೂ ಪಾಲಿದೆ ಎಂದು ಎರಡೂ ಹೆಸರು ಸೇರಿಸಿ ಕರೆಯುವವರಿದ್ದಾರೆ.

ದೊಡ್ಡ ತೊಡಕು ಅಳತೆಯದು. ಎಲ್ಲ ಪೌಂಡ್, ಇಂಚು. ಉಕ್ಕಿನ ಬಿಗುವು (ಸ್ಥಿತಿಸ್ಥಾಪಕ ಗುಣಾಂಕ) ಚದರ ಇಂಚಿಗೆ 3 ಕೋಟಿ ಪೌಂಡ್ ಎಂದರೆ ಚದರ ಮಿ.ಮೀ.ಗೆ 2.07 ಲಕ್ಷ ನ್ಯೂಟನ್. ಒಂದು ಇಂಚು⁴ ಎಂದರೆ 4,16,231 ಮಿ.ಮೀ.⁴. ತಪ್ಪುವುದು ಹೆಚ್ಚಾಗಿ ಇದರಲ್ಲೇ: 25.4ನ್ನು ನಾಲ್ಕು ಸಲ ಗುಣಿಸುವ ಬದಲು ಎರಡು ಸಲಕ್ಕೇ ನಿಲ್ಲಿಸುವುದು. ಲೆಕ್ಕವನ್ನು ಇಂಚಿನಲ್ಲೇ ಮುಗಿಸಿ, ಕೊನೆಯ ಉತ್ತರವನ್ನಷ್ಟೇ ಬದಲಿಸಿ.

ಆರ್.ಸಿ.ಸಿ. (ಕಬ್ಬಿಣ ಹಾಕಿದ ಕಾಂಕ್ರೀಟ್) ಬಗೆಗಿನ ಪುಟಗಳು ಹಳೆಯ ವಿಧಾನದವು. ಕಾಂಕ್ರೀಟಿನ ಭಾರತೀಯ ಮಾನಕವಾದ ಐ.ಎಸ್. 456ರ ಲಿಮಿಟ್ ಸ್ಟೇಟ್‌ಗೆ ಇದು ಬದಲಿಯಲ್ಲ. ಮರುಮುದ್ರಣ ಕೊಳ್ಳುವಾಗ ಚಿತ್ರಗಳ ಸಣ್ಣ ಅಕ್ಷರ, ದಶಮಾಂಶದ ಚುಕ್ಕೆ ಓದಲು ಬರುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ಮಾಸಿದ ಪ್ರತಿಯನ್ನು ಅರ್ಧ ಬೆಲೆಗೂ ಕೊಳ್ಳಬೇಡಿ.